ಕಂಪ್ರೆಸರ್ ಬೋರಿನ ಕೆಮ್ಮು

ಮಾರ್ಚ್ 17, 2024, ಭಾನುವಾರ

ಶಿರಾ ಹತ್ತಿರದ ನಮ್ಮೂರಲ್ಲಿದ್ದೇನೆ. ಬೆಳಗ್ಗೆ ತೋಟಕ್ಕೆ ಹೋದರೆ ಚಿಕ್ಕಪ್ಪ ಬೋರಿನ ಪಕ್ಕ ಕಿವಿಗೊಟ್ಟು ಕೂತಿದ್ದರು.

"ಮೋಟರಿಗೆ ದೊಡ್ಡ ಪುಲ್ಲಿ ಹಾಕ್ಸಿ ಗಾಳಿ ಜಾಸ್ತಿ ಮಾಡ್ದೆ ಕಣಪ್ಪ. ಇದ್ದ ನೀರೂ ಕಮ್ಮಿ ಆಯ್ತು."

ನಮ್ಮದು ಕಂಪ್ರೆಸರ್ ಬೋರು. ಮೋಟರ್ ಇರುವುದು ಮೇಲೆ. ಸಣ್ಣ ಪೈಪಿನಲ್ಲಿ ಗಾಳಿ ಕೆಳಗಿಳಿದು, ನೀರಿನ ಪೈಪಿನ ಬುಡದಲ್ಲಿ ಗುಳ್ಳೆಯಾಗಿ ಸೇರುತ್ತದೆ. ಗುಳ್ಳೆ ಬೆರೆತ ನೀರು ಹಗುರ, ಹೊರಗಿನ ಬರೀ ನೀರು ಭಾರ. ಭಾರದ್ದು ಹಗುರದ್ದನ್ನು ಮೇಲಕ್ಕೆ ನೂಕುತ್ತದೆ. ಮರಳು ಬಂದರೂ ಸವೆಯೋಕೆ ಒಳಗೆ ಏನೂ ಇಲ್ಲ.

ಗಾಳಿ ಅತಿಯಾದರೂ ನೀರು ಕಮ್ಮಿಯಾಗುತ್ತೆ ಅಂತ ಬಾಯಲ್ಲಿ ಹೇಳಿದರೆ ಚಿಕ್ಕಪ್ಪ ಒಪ್ಪುವವರಲ್ಲ. ಗಾರೆ ಕೆಲಸದವರ ಹತ್ತಿರ ಲೆವೆಲ್ ಪೈಪ್, ಅಂದರೆ ನೀರು ತುಂಬಿ ಗೋಡೆ ಮಟ್ಟ ನೋಡುವ, ಒಳಗೆ ಕಾಣುವ ಪೈಪ್, ಇಸ್ಕೊಂಡು ಬಂದೆ. ಒಂದು ತುದಿ ನೀರು ತುಂಬಿದ ಡ್ರಮ್ಮಿನ ತಳಕ್ಕೆ, ಮೇಲಿನದನ್ನು ಗಳಕ್ಕೆ ಕಟ್ಟಿ, ಬುಡದಲ್ಲಿ ಸೈಕಲ್ ಪಂಪಿನ ಗಾಳಿ ಬಿಟ್ಟೆವು.

ಮೆಲ್ಲಗೆ ಒತ್ತಿದಾಗ ಸಾಸಿವೆಯಂಥ ಗುಳ್ಳೆಗಳು ಬಂದವು. ಸ್ವಲ್ಪ ಜೋರಾದಾಗ ಒಂದಕ್ಕೊಂದು ಕೂಡಿಕೊಂಡು, ಪೈಪಿನ ಅಗಲಕ್ಕೂ ತುಂಬಿದ ಉದ್ದನೆಯ ಗುಳ್ಳೆಯಾದವು. ತಲೆ ತೊಂಡೆಕಾಯಿ ತುದಿಯಂತೆ ದುಂಡಗೆ, ಬಾಲ ಕತ್ತರಿಸಿದಂತೆ ಚಪ್ಪಟೆ. ಎರಡು ಗುಳ್ಳೆಗಳ ನಡುವೆ ಒಂದೊಂದು ನೀರಿನ ತುಂಡು. ಬೋರಿನ ನೀರು ಕೆಮ್ಮಿದ ಹಾಗೆ ಗಬಕ್ ಗಬಕ್ ಅಂತ ಬೀಳೋದು ಇದೇ ತುಂಡುಗಳಿಂದ.

ನನಗೆ ತುಂಬಾ ಇಷ್ಟವಾದ ಲೆಕ್ಕ ಇಲ್ಲೇ ಇದೆ. ನಿಂತ ನೀರಲ್ಲಿ ಇಂಥ ಗುಳ್ಳೆ ಗಿಡ್ಡವಿರಲಿ, ಮಾರುದ್ದ ಇರಲಿ, ಏರುವ ವೇಗ ಒಂದೇ. ಅದನ್ನು ತೀರ್ಮಾನಿಸೋದು ಪೈಪಿನ ಅಗಲ. 1950ರಲ್ಲಿ ಡೇವಿಸ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು ಈ ಲೆಕ್ಕ ಪ್ರಕಟಿಸಿದರು. 2 ಇಂಚಿನ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 25 ಸೆಂ.ಮೀ. ಪೈಪ್ 4 ಪಟ್ಟು ಅಗಲವಾದರೆ ವೇಗ 2 ಪಟ್ಟು. ಸುಮಾರು 5 ಮಿ.ಮೀ.ಗಿಂತ ಸಣ್ಣ ಪೈಪಿನಲ್ಲಿ ಗುಳ್ಳೆ ಏರುವುದೇ ಇಲ್ಲ, ಸಿಕ್ಕಿಕೊಂಡು ಕೂರುತ್ತದೆ. ಆಸ್ಪತ್ರೆಯ ಡ್ರಿಪ್ ಪೈಪಲ್ಲಿ ನೋಡಿರ್ತೀರಿ, ಅಲ್ವಾ?

ಆಮೇಲೆ ಚಿಕ್ಕಪ್ಪನೇ ಪಂಪ್ ಕಿತ್ತುಕೊಂಡು ದಬದಬ ಒತ್ತಿದರು. ನೀರಿನ ತುಂಡುಗಳು ಒಡೆದು, ಮೇಲೆ ಹೋದದ್ದೇ ಮತ್ತೆ ಕೆಳಗೆ ಜಾರಿ, ಎಲ್ಲಾ ಕಲಸುಮೇಲೋಗರ. ಗಾಳಿ ಇನ್ನೂ ಹೆಚ್ಚಿದರೆ ನೀರು ಪೈಪಿನ ಒಳಮೈಗೆ ತೆಳ್ಳಗೆ ಅಂಟಿಕೊಂಡು, ನಡುವೆ ಗಾಳಿ ಸುಯ್ ಅಂತ ಒಂಟಿಯಾಗಿ ಓಡುತ್ತದೆ.

"ಈಗ ನಮ್ ಬೋರು ಕೂಗೋದು ಹಿಂಗೇ" ಅಂದರು ಚಿಕ್ಕಪ್ಪ.

ಸಂಜೆ ಹಳೇ ಪುಲ್ಲಿ ಹಾಕಿದೆವು. ಕೆಮ್ಮು ವಾಪಸ್ ಬಂತು, ನೀರೂ ಮೊದಲಿನಷ್ಟೇ. ಆದರೆ ಬೋರಿನ ನೀರಿನ ಮಟ್ಟವೇ ಇನ್ನೂ ಇಳಿದರೆ ನೂಕಲು ಹೊರಗೆ ಭಾರವೇ ಇರುವುದಿಲ್ಲ. ಆಗ ಯಾವ ಪುಲ್ಲಿಯೂ ಕೆಲಸಕ್ಕೆ ಬಾರದು.

ನಾಳೆ ಲೆವೆಲ್ ಪೈಪ್ ಹಿಂದಿರುಗಿಸಬೇಕು. ಒಳಗೆ ಒಂದೇ ಒಂದು ಗುಳ್ಳೆ ಉಳಿದರೂ ಗೋಡೆ ಮಟ್ಟ ತಪ್ಪುತ್ತೆ ಅಂತ ಗಾರೆಯವರು ಮೊದಲೇ ಹೇಳಿ ಕಳಿಸಿದ್ದಾರೆ.