ಡಬಲ್ ಬೇಸ್ ಬಿಟ್ಟು ಗಿಟಾರಿಗೆ "ಇಳಿದಿದ್ದು" ಯಾಕೆ ಅಂತ ಕೇಳೋರಿಗೆಲ್ಲ

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಇಡ್ತಿದೀನಿ, ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಕಳಿಸ್ತೀನಿ. ಪ್ರಶ್ನೆ ಇಷ್ಟು: ಹದಿನಾಲ್ಕು ವರ್ಷ ಡಬಲ್ ಬೇಸ್ ನುಡಿಸಿದವನು ಅದನ್ನ ಬಿಟ್ಟು ಫ್ರೆಟ್‌ಲೆಸ್ ಬೇಸ್ ಗಿಟಾರ್ ಯಾಕೆ ಹಿಡಿದೆ? ಡಬಲ್ ಬೇಸ್ ಅಂದ್ರೆ ಆಳೆತ್ತರದ ಪಿಟೀಲಿನ ಥರ ಇರುತ್ತಲ್ಲ, ನಿಂತ್ಕೊಂಡು ತಬ್ಬಿಕೊಂಡು ನುಡಿಸೋದು, ಅದು. ಫ್ರೆಟ್‌ಲೆಸ್ ಅಂದ್ರೆ ಫ್ರೆಟ್, ಅಂದ್ರೆ ಸ್ವರದ ಜಾಗ ತೋರಿಸೋ ಅಡ್ಡಪಟ್ಟಿ, ವೀಣೆಯಲ್ಲಿ ಮೆಟ್ಟಿಲು ಅಂತೀವಲ್ಲ, ಅದೇ ಇಲ್ಲದ ಎಲೆಕ್ಟ್ರಿಕ್ ಬೇಸ್ ಗಿಟಾರು.

ಪ್ರಶ್ನೆ ಬಗ್ಗೆ ತಕರಾರಿಲ್ಲ, ಕೇಳೋ ರೀತಿ ಬಗ್ಗೆ ಇದೆ. ಹಾಸನದಲ್ಲೊಂದು ಮದುವೆ, ಊಟಕ್ಕೆ ಕೂತಿದೀವಿ, ಎಲೆಗೆ ಇನ್ನೂ ಕೋಸಂಬರಿ ಬಿದ್ದಿದೆ ಅಷ್ಟೇ, ಎದುರು ಸಾಲಿಂದ ಮಾವ ಇಡೀ ಪಂಕ್ತಿಗೆ ಕೇಳೋ ಹಾಗೆ "ಏನಪ್ಪಾ, ಆ ದೊಡ್ಡದು ಕೈಲಾಗಲ್ಲ ಅಂತ ಗಿಟಾರಿಗೆ ಇಳಿದ್ಯಂತೆ?" ಅಂದ್ರು. ಇಳಿದ್ಯಂತೆ! ಅಕ್ಕಪಕ್ಕದವರು ನಕ್ಕರು. ದೊಡ್ಡೋರು, ಮದುವೆ ಮನೆ ಬೇರೆ, "ಹೂಂ ಮಾವ" ಅಂದು ತಲೆ ತಗ್ಗಿಸಿ ಊಟ ಮಾಡ್ದೆ. ಆದ್ರೆ ಆ ಮಾತು ಅವತ್ತು ಹೋಳಿಗೆ ಜೊತೆ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇನ್ನೂ ಕೆಳಗೆ ಇಳಿದಿಲ್ಲ.

ಯಾರು ಎಲ್ಲಿಂದ ಇಳಿದ್ರು ಸ್ವಾಮಿ? 1951ರಲ್ಲಿ ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ತಂದ ಬೇಸ್ ಗಿಟಾರಿಗೆ ಪ್ರಿಸಿಷನ್, ಅಂದ್ರೆ ಕರಾರುವಾಕ್ಕು, ಅಂತ ಹೆಸರಿಟ್ಟಿದ್ದೇ ಅದರಲ್ಲಿ ಫ್ರೆಟ್ ಇದೆ ಅಂತ, ಎರಡು ಫ್ರೆಟ್ ನಡುವೆ ಎಲ್ಲಿ ಒತ್ತಿದ್ರೂ ಸ್ವರ ತನ್ನ ಜಾಗಕ್ಕೇ ಬಂದು ಕೂರುತ್ತೆ. ನನ್ನ ಗಿಟಾರಲ್ಲಿ ಆ ಆಸರೆ ಇಲ್ಲ. ವೀಣೆ ಗೊತ್ತಿರೋರು ಹೀಗೆ ಯೋಚನೆ ಮಾಡಿ, 24 ಮೆಟ್ಟಿಲನ್ನೂ ಮೇಣದ ಸಮೇತ ಕಿತ್ತುಬಿಟ್ಟು ಈಗ ನುಡಿಸಿ ಅಂದ್ರೆ ಹೇಗಿರುತ್ತೆ? ಹಾಗೆ. ಬೆರಳು ಅರ್ಧ ಸೆಂಟಿಮೀಟರ್ ಆಚೆ ಬಿದ್ರೂ ಅಪಸ್ವರ, ಅಡಗಿಸೋಕೆ ಜಾಗವಿಲ್ಲ.

ಇನ್ನು ಬಿಟ್ಟಿದ್ದು ಯಾಕೆ. ಮೊದಲನೇ ಕಾರಣ ಮಳೆ. ನಮ್ಮ ಚಿಕ್ಕಮಗಳೂರು ಕಡೆ ಆಷಾಢದಲ್ಲಿ ಬಟ್ಟೆ ಒಣಗಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತೆ, ಅದರ ಮಧ್ಯೆ ಡಬಲ್ ಬೇಸ್. ಅದರ ಹಲಗೆಗಳನ್ನ ಪ್ರಾಣಿ ಚರ್ಮದಿಂದ ಮಾಡಿದ ಅಂಟಿನಲ್ಲಿ ಕೂಡಿಸಿರ್ತಾರೆ, ಮರ ಹಿಗ್ಗಿ ಕುಗ್ಗಿದಾಗ ಮರ ಸೀಳೋ ಬದಲು ಅಂಟೇ ಬಿಟ್ಟುಕೊಳ್ಳಲಿ ಅಂತ ಬೇಕಂತಲೇ. ನಂದು ಬಿಟ್ಟುಕೊಳ್ತು. ಕೆಳಗಿನ ಅಂಚು ಒಂದು ಗೇಣು ಬಾಯಿ ತೆರೆದಿತ್ತು, ಪೋಸ್ಟ್ ಕಾರ್ಡ್ ತೂರಿಸಿದ್ರೆ ಆರಾಮಾಗಿ ಒಳಗೆ ಹೋಗೋದು, ಎ ತಂತಿ ಮೀಟಿದ್ರೆ ಹೊಟ್ಟೆಯೊಳಗೆ ಜೀರುಂಡೆ ಸಿಕ್ಕಿಹಾಕಿಕೊಂಡ ಹಾಗೆ ಗಿರ್ರ್ ಅನ್ನೋದು. ರಿಪೇರಿಗೆ ಬೆಂಗಳೂರಿಗೇ ಹೋಗಬೇಕು, ಸುಮಾರು 240 ಕಿಲೋಮೀಟರ್, ಕಾಫಿ ಮೂಟೆ ಸಾಗಿಸೋ ಪಿಕಪ್‌ನಲ್ಲಿ ಹಾಸಿಗೆ ಸುತ್ತಿ ಮಲಗಿಸಿಕೊಂಡು ಹೋಗ್ತಿದ್ದೆ, ಬಾಣಂತೀನ ಕರ್ಕೊಂಡು ಹೋದ ಹಾಗೆ. ಮೂರು ಮಳೆಗಾಲ ಇದೇ ಕಥೆ. ಅಮೆರಿಕದ ಜಾಕೋ ಪಾಸ್ಟೋರಿಯಸ್‌ಗೂ ಹೀಗೇ ಆಗಿತ್ತು, ಫ್ಲೋರಿಡಾದ ತೇವಕ್ಕೆ ಅವರ ಡಬಲ್ ಬೇಸ್ ಬಿರುಕು ಬಿಟ್ಟುಹೋಯ್ತು. ಆಮೇಲೆ ಅವರು 1962ರ ಒಂದು ಫೆಂಡರ್ ಜಾಝ್ ಬೇಸನ್ನ, ಫ್ರೆಟ್ ತೆಗೆದು, ದೋಣಿಗೆ ಬಳಿಯೋ ಎಪಾಕ್ಸಿ ಬಳಿದು ನುಡಿಸಿದ್ರು, 1976ರಲ್ಲಿ ಅವರ ಮೊದಲ ಸೋಲೋ ಆಲ್ಬಮ್ ಬಂದ ಮೇಲೆ ಪ್ರಪಂಚದಲ್ಲಿ ಬೇಸ್ ಹಿಡಿಯೋರೆಲ್ಲ ಅವರ ಕಡೆ ತಿರುಗಿ ನೋಡಿದ್ರು. ಅವರನ್ನ ಯಾರೂ ಇಳಿದ್ರು ಅನ್ನಲಿಲ್ಲ.

ಎರಡನೇದು ಸ್ಟೇಜ್. ಈಗ ಇಲ್ಲಿ ಪ್ರೋಗ್ರಾಂ ಅಂದ್ರೆ ಹೆಚ್ಚಿಗೆ ರೆಸಾರ್ಟು, ಒದ್ದೆ ಹುಲ್ಲು, ಪಕ್ಕದಲ್ಲೇ ಡ್ರಮ್ಸು. ಟೊಳ್ಳು ಹೊಟ್ಟೆಯ ವಾದ್ಯಕ್ಕೆ ಮೈಕ್ ಇಟ್ಟು ಸೌಂಡ್ ಏರಿಸಿದ್ರೆ ಗುಂಯ್ ಅಂತ ಕೂಗೋಕೆ ಶುರುಮಾಡುತ್ತೆ. ಅಷ್ಟೇ, ಇದರಲ್ಲಿ ಇನ್ನೇನೂ ಇಲ್ಲ.

"ಡಬಲ್ ಬೇಸ್ ಬರೋರಿಗೆ ಅದು ಸುಲಭ ಬಿಡಿ" ಅಂತಾರಲ್ಲ, ಅದಕ್ಕೂ ಉತ್ತರ ಕೊಟ್ಟುಬಿಡ್ತೀನಿ. ತಂತಿಗಳು ಅವೇ ಇ, ಎ, ಡಿ, ಜಿ, ನಿಜ. ಆದ್ರೆ ನನ್ನ ಡಬಲ್ ಬೇಸ್‌ನಲ್ಲಿ ನಾದ ಕೊಡೋ ತಂತಿಯ ಉದ್ದ 105 ಸೆಂಟಿಮೀಟರ್, ಈ ಗಿಟಾರಲ್ಲಿ 86ರ ಹತ್ತಿರ. ಮೇಲ್ತುದಿಯಲ್ಲಿ ಅರ್ಧ ಸ್ವರಕ್ಕೆ ಅಲ್ಲಿ ಹತ್ತಿರ ಹತ್ತಿರ 6 ಸೆಂಟಿಮೀಟರ್ ಸರೀಬೇಕು, ಇಲ್ಲಿ 5 ಕೂಡ ಇಲ್ಲ. ಹದಿನಾಲ್ಕು ವರ್ಷ ಕೈಗೆ ಕೂತಿರೋ ಅಳತೆ ಸುಮ್ನೆ ಹೋಗುತ್ತಾ? ಮೊದಲ ಆರು ತಿಂಗಳು ಎಲ್ಲ ಸ್ವರವೂ ಏರಿಬಿಡೋದು. ಮತ್ತೆ ಅಲ್ಲಿ ಹೆಬ್ಬೆರಳು ವಾದ್ಯದ ಕತ್ತಿನ ಬುಡಕ್ಕೆ ತಾಗಿತು ಅಂದ್ರೆ ಜಿ ತಂತಿಯ ಮೇಲೆ ತೋರುಬೆರಳು ಡಿ ಸ್ವರದ ಮೇಲಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು, ಕತ್ತಲಲ್ಲಿ ನಮ್ಮನೆ ಬಾಗಿಲ ಚಿಲಕ ಸಿಗುತ್ತಲ್ಲ ಹಾಗೆ. ಈ ಗಿಟಾರಲ್ಲಿ ಆ ಗುರುತು ಆ ಜಾಗದಲ್ಲಿಲ್ಲ. ತಂಬೂರಿ ಆ್ಯಪ್ ಹಾಕ್ಕೊಂಡು ಬೆಳಗ್ಗೆ ಒಂದು ಗಂಟೆ ಬರೀ ಸ ಪ ಸ ನುಡಿಸಿ ಕಿವಿಯಿಂದಲೇ ಕೈಗೆ ದಾರಿ ಹೇಳಿಕೊಟ್ಟೆ.

ಯಾಕೆ ಬಿಟ್ಟೆ ಅಂತ ಕೇಳ್ತಾರೆ, ಬಿಟ್ಟಾಗ ಏನು ಹೋಯ್ತು ಅಂತ ಇದುವರೆಗೂ ಒಬ್ಬರೂ ಕೇಳಿಲ್ಲ. ಹೋಗಿದ್ದು ಕಮಾನು. ಕಮಾನು ಇದ್ರೆ ಸ್ವರ ಹುಟ್ಟಿದ ಮೇಲೆ ಅದನ್ನ ಬೆಳೆಸಬಹುದು, ಮೆಲ್ಲಗೆ ಶುರುಮಾಡಿ ದಪ್ಪ ಮಾಡ್ತಾ ಹೋಗಬಹುದು. ಗಿಟಾರಲ್ಲಿ ಮೀಟಿದ ಗಳಿಗೆಯಿಂದಲೇ ಸ್ವರ ಸಾಯೋಕೆ ಶುರು. ಒಂದು ಕ್ರಿಸ್‌ಮಸ್ ರಾತ್ರಿ ಕಾಯರ್ ಜೊತೆ ಕೊನೇ ಹಾಡಿನ ಕೊನೇ ಸ್ವರ, ಕೆಳಗಿನ ಇ, ಸೆಕೆಂಡಿಗೆ 41 ಸಲ ಅದುರೋ ತಂತಿ, ಕಮಾನನ್ನ ತುದಿಯಿಂದ ಬುಡದವರೆಗೂ ಎಳೆದೆ. ಹಾಡೋರು ನಿಲ್ಲಿಸಿದ ಮೇಲೂ ಅದು ಇತ್ತು. ಮುಂದಿನ ಬೆಂಚಲ್ಲಿ ಕೂತಿದ್ದ ಒಂದು ಮಗು ಬೆಂಚಿನ ಮರದ ಮೇಲೆ ಅಂಗೈ ಇಟ್ಟು ಅಮ್ಮನ ಮುಖ ನೋಡ್ತು. ಆ ಇ ನನ್ನ ಗಿಟಾರಲ್ಲಿ ಇಲ್ಲ, ಎಷ್ಟು ಸಾವಿರದ ಆಂಪ್ಲಿಫೈಯರ್ ತಂದ್ರೂ ಇಲ್ಲ. ಸಿಕ್ಕಿದ್ದು ಬೇರೆ: ಬೆರಳನ್ನ ಸಣ್ಣಗೆ ಉರುಳಿಸಿದ್ರೆ ತಂತಿ ಮರಕ್ಕೆ ತಾಗಿ ಮ್ವಾ ಅಂತ ಬಾಯಿ ತೆರೆಯುತ್ತೆ, ಯಾರೋ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ಅದಕ್ಕೋಸ್ಕರವೇ ದಿನಾ ಹಿಡೀತೀನಿ.

ಡಬಲ್ ಬೇಸನ್ನ ಬೆಂಗಳೂರಲ್ಲಿ ಕಲೀತಿರೋ ಒಬ್ಬ ಹುಡುಗಿಗೆ ಕೊಟ್ಟೆ. ಕಮಾನನ್ನೂ ಕೇಳಿದ್ಲು, ಬೇರೆ ಕೊಡಿಸ್ತೀನಮ್ಮ ಅಂದು ಅದನ್ನ ಇಟ್ಕೊಂಡೆ. ಕೂದಲು ಸಡಿಲ ಮಾಡಿ ಬೀರುವಿನಲ್ಲಿ ಮಲಗಿಸಿದೀನಿ, ಮಳೆಗಾಲದಲ್ಲಿ ವಾರಕ್ಕೊಂದ್ಸಲ ಒರೆಸಿ ಇಡ್ತೀನಿ. ಮನೆಗೆ ಬಂದು ಅದರ ಬಗ್ಗೆ ಕೇಳಿ, ಕೂರಿಸಿ ಕಾಫಿ ಕೊಟ್ಟು ಹೇಳ್ತೀನಿ.