ಮಾಡೆಲಿಂಗ್ ಅಕೂಸ್ಟಿಕ್ ಗಿಟಾರ್ ಸ್ಟೇಜಿಗೆ: ಕೆಲಸ ಎಲ್ಲಿಗೆ ಬಂತು

ಕಳೆದ ಸಲ ಬರೆದಾಗ ಈ ಮಾಡೆಲಿಂಗ್ ಗಿಟಾರನ್ನು ಇನ್ನೂ ಹೆಡ್‌ಫೋನ್‌ನಲ್ಲೇ ಕೇಳುತ್ತಿದ್ದೆ. ಈಗ ಡ್ರಮ್ಸ್ ಪಕ್ಕ ನಿಂತು, ಪೂರ್ತಿ ಪಿಎ (ಜನರಿಗೆ ಕೇಳಿಸುವ ದೊಡ್ಡ ಸ್ಪೀಕರ್ ವ್ಯವಸ್ಥೆ) ಹಾಕಿಕೊಂಡು ನುಡಿಸಿಯೂ ಆಯಿತು. ಆಗಿರುವುದು, ಆಗದೆ ಉಳಿದಿರುವುದು ಎರಡನ್ನೂ ಬರೆದಿಡುತ್ತೇನೆ.

ಹೊಸಬರಿಗೆ ಎರಡು ಮಾತು. ಇದರ ಬ್ರಿಜ್‌ನಲ್ಲಿ, ಅಂದರೆ ತಂತಿಗಳು ಬಾಡಿ ಮೇಲೆ ಕೂರುವ ಪಟ್ಟಿಯಲ್ಲಿ, ಆರು ತಂತಿಗೂ ಬೇರೆ ಬೇರೆ ಪಿಯೆಜೊ ಪಿಕಪ್ (ತಂತಿಯ ಅದುರನ್ನು ಸಿಗ್ನಲ್ ಮಾಡುವ ಸೆನ್ಸರ್) ಇದೆ. ಒಂದೊಂದು ತಂತಿಯ ಸಿಗ್ನಲ್ಲನ್ನೂ ಚಿಪ್ ಬೇರೆಯಾಗಿ ತಗೊಂಡು ದೊಡ್ಡ ಡ್ರೆಡ್‌ನಾಟ್, ಸಣ್ಣ ಪಾರ್ಲರ್, 12 ತಂತಿಯದು, ಲೋಹದ ತಟ್ಟೆ ಇರುವ ರೆಸೊನೇಟರ್, ಹೀಗೆ ಬೇಕಾದ ಸೌಂಡಿಗೆ ತಿರುಗಿಸುತ್ತದೆ. ಹೊಸ ಐಡಿಯಾ ಏನಲ್ಲ. 1995ರಲ್ಲೇ ರೋಲ್ಯಾಂಡ್‌ನ ವಿಜಿ-8 ಬಂದಿತ್ತು. ಆಗ ಲೆಕ್ಕ ಹಾಕುವ ಪೆಟ್ಟಿಗೆ ಗಿಟಾರಿನ ಹೊರಗಿರುತ್ತಿತ್ತು. ಆಮೇಲೆ ಲೈನ್ 6ನವರ ವೇರಿಯಾಕ್ಸ್ ಅದನ್ನು ಗಿಟಾರಿನೊಳಗೇ ಕೂರಿಸಿತು.

ನಾನು ಇದಕ್ಕೆ ಕೈ ಹಾಕಿದ್ದು ಬಗೆಬಗೆಯ ಸೌಂಡಿನ ಆಸೆಗಲ್ಲ, ಫೀಡ್‌ಬ್ಯಾಕ್ (ಸ್ಪೀಕರಿನ ಸೌಂಡ್ ಮತ್ತೆ ಗಿಟಾರಿಗೇ ಹೊಕ್ಕು ಕೂಗುವುದು) ಕಾಟ ತಾಳಲಾರದೆ. ಮಾಮೂಲಿ ಅಕೂಸ್ಟಿಕ್‌ನ ಹೊಟ್ಟೆಯೊಳಗಿನ ಗಾಳಿ 100 ಹರ್ಟ್ಜ್ ಆಸುಪಾಸಿನಲ್ಲಿ ತಾನಾಗಿಯೇ ಮೊಳಗುತ್ತದೆ. ಐದನೇ ತಂತಿ ಇರುವುದೇ 110 ಹರ್ಟ್ಜ್‌ನಲ್ಲಿ. ಮಾನಿಟರ್ (ನುಡಿಸುವವರಿಗೇ ಕೇಳಿಸುವ ಸ್ಪೀಕರ್) ಸ್ವಲ್ಪ ಜಾಸ್ತಿ ಮಾಡಿದರೆ ಸಾಕು, ಗುಂಯ್ ಅಂತ ಶುರುವಾಗುತ್ತದೆ. ಮಿಕ್ಸರ್ ಮುಂದೆ ಕೂತವರು ಲೋ ಕಟ್ ಮಾಡುತ್ತಾರೆ, ಅಂದರೆ ತಗ್ಗಿನ ಸ್ವರಗಳನ್ನು ತೆಗೆಯುತ್ತಾರೆ. ಆಮೇಲೆ ಗಿಟಾರ್ ತಗಡು ಬಡಿದ ಹಾಗೆ ಕೇಳಿಸುತ್ತದೆ. ಮಾಡೆಲಿಂಗ್‌ನಲ್ಲಿ ಆ ಹೊಟ್ಟೆಯ ಸೌಂಡ್ ಬರುವುದು ಚಿಪ್‌ನಿಂದ, ಮರದಿಂದಲ್ಲ. ನನ್ನದರ ಬಾಡಿಯೂ ತೆಳು. ಹಾಗಂತ ಫೀಡ್‌ಬ್ಯಾಕ್ ಇಲ್ಲವೇ ಇಲ್ಲ ಅಂತಲ್ಲ. ಸ್ಪೀಕರ್ ಹೊಡೆತಕ್ಕೆ ತಂತಿಯೇ ಅಲುಗಿದರೆ ಪಿಯೆಜೊ ಅದನ್ನೂ ಹಿಡಿಯುತ್ತದೆ. ಹಾಡು ನಿಂತ ಕೂಡಲೇ ಅಂಗೈ ತಂತಿ ಮೇಲೆ ಇಡಲೇಬೇಕು.

ಈ ಸಲ ಜಾಸ್ತಿ ಹೊತ್ತು ತಿಂದಿದ್ದು ಪ್ರೀಸೆಟ್‌ಗಳು, ಅಂದರೆ ಮೊದಲೇ ಹೊಂದಿಸಿಟ್ಟ ಸೌಂಡುಗಳು. ಹೆಡ್‌ಫೋನ್‌ನಲ್ಲಿ ಆಹಾ ಅನ್ನಿಸಿದ ಡ್ರೆಡ್‌ನಾಟ್ ಬ್ಯಾಂಡಿನ ನಡುವೆ ಕಲಸಿಹೋಯಿತು. ಬೇಸ್ ಗಿಟಾರ್, ಕಿಕ್ ಡ್ರಮ್ ಇರುವ ಜಾಗಕ್ಕೇ ಇದೂ ನುಗ್ಗುತ್ತಿತ್ತು. ಒಂಟಿಯಾಗಿ ಕೇಳಿದರೆ ಬಡಕಲು ಅನ್ನಿಸುವ ಪಾರ್ಲರ್ ಮಾಡೆಲ್ ಮಾತ್ರ ಸ್ಟ್ರಮ್ಮಿಂಗ್‌ಗೆ (ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸುವುದಕ್ಕೆ) ಚೆನ್ನಾಗಿ ಕೂತಿತು. ಡ್ರೆಡ್‌ನಾಟ್ ಈಗ ಒಬ್ಬನೇ ನುಡಿಸುವ ಹಾಡಿಗೆ ಮಾತ್ರ. ಎರಡಕ್ಕೂ ವಾಲ್ಯೂಮ್ ಸರಿಹೊಂದಿಸಿದ್ದೂ ಪಿಎ ಮೇಲೆಯೇ. ಮೀಟರಿನಲ್ಲಿ ಎರಡೂ ಒಂದೇ ತೋರಿಸಿದರೂ ಮಿಡ್ (ನಡುವಿನ ಸ್ವರಗಳು) ಜಾಸ್ತಿ ಇರುವುದೇ ಕಿವಿಗೆ ಜೋರು, ಅಲ್ವಾ? ಕಿವಿಯನ್ನೇ ನಂಬಿ ಪಾರ್ಲರನ್ನು ಒಂಚೂರು ಇಳಿಸಿದೆ. ಮಾಡೆಲ್ ಜೊತೆ ಬರುವ ರೂಮ್ ಸೌಂಡನ್ನು (ಕೋಣೆಯ ಮೊಳಗನ್ನು) ಪೂರ್ತಿ ತೆಗೆದೆ. ಹಾಲ್‌ನಲ್ಲಿ ಅದು ಬೇಕಾದಷ್ಟು ಇರುತ್ತದೆ, ನಾವು ಬೇರೆ ಸೇರಿಸುವುದು ಯಾಕೆ?

ಇನ್ನು ವರ್ಚುವಲ್ ಟ್ಯೂನಿಂಗ್. ತಂತಿ ಬಿಗಿಮಾಡುವ ಬಿರಡೆ ತಿರುವದೆ, ನಾಬ್ ಒಂದು ಕ್ಲಿಕ್ ತಿರುಗಿಸಿದರೆ ಆರನೇ ತಂತಿ 82 ಹರ್ಟ್ಜ್‌ನ ‘ಇ’ಯಿಂದ 73ರ ‘ಡಿ’ಗೆ ಇಳಿಯುತ್ತದೆ. ಆದರೆ ನಿಜವಾದ ತಂತಿ ಇನ್ನೂ ‘ಇ’ ಅನ್ನೇ ನುಡಿಯುತ್ತಿರುತ್ತದೆ. ರೂಮಿನಲ್ಲಿ ಸಣ್ಣಗೆ ನುಡಿಸಿದರೆ ಎರಡೂ ಒಟ್ಟಿಗೆ ಕೇಳಿ ತಲೆ ಕೆಡುತ್ತದೆ. ಸ್ಟೇಜಿನ ಜೋರಿನಲ್ಲಿ ಅದು ಮುಚ್ಚಿಹೋಗುತ್ತದೆ ಅಂದುಕೊಂಡಿದ್ದೆ, ಬ್ಯಾಂಡ್ ಪೂರ್ತಿ ಇದ್ದಾಗ ಹಾಗೇ ಆಯಿತು. ಡ್ರಮ್ಸ್ ಇಲ್ಲದ ಮೆಲು ಹಾಡಿನಲ್ಲಿ ಮಾತ್ರ ತಮಾಷೆ ಬೇರೆ. ನನ್ನ ಬಾಯಿ ಮುಂದಿನ ಮೈಕ್ ಹಾಡಿನ ಜೊತೆ ಬರಿ ತಂತಿಯನ್ನೂ ಹಿಡಿಯಿತು. ಒಂದೇ ಸಲ ಮೀಟಿದರೆ ಗಿಟಾರ್ ಲೈನಿನಿಂದ ‘ಡಿ’, ಹಾಡಿನ ಮೈಕಿನಿಂದ ‘ಇ’! ಗಿಟಾರ್ ಚಾನೆಲ್ ಮ್ಯೂಟ್ ಮಾಡಿ ನುಡಿಸಿದಾಗ ಸ್ಪಷ್ಟವಾಗಿ ಗೊತ್ತಾಯಿತು. ಆ ಹಾಡಿಗೆ ಈಗ ಕೈಯಲ್ಲೇ ತಂತಿ ಇಳಿಸುತ್ತೇನೆ. ಮಿಕ್ಕವಕ್ಕೆ ನಾಬ್.

ಲೇಟೆನ್ಸಿ, ಅಂದರೆ ಚಿಪ್‌ನಿಂದ ಸೌಂಡ್ ತಡವಾಗುವುದರ ಬಗ್ಗೆ ಸುಮಾರು ಜನ ಹೆದರಿಸಿದ್ದರು. ಶಬ್ದ ಗಾಳಿಯಲ್ಲಿ ಒಂದು ಮೀಟರ್ ಬರುವುದಕ್ಕೇ ಹತ್ತಿರ ಹತ್ತಿರ 3 ಮಿಲಿಸೆಕೆಂಡ್ ಬೇಕು. ಚಿಪ್‌ನಿಂದ ಎರಡು ಮೂರು ಮಿಲಿಸೆಕೆಂಡ್ ತಡ ಅಂದರೆ ವೆಡ್ಜ್ (ನೆಲದ ಮೇಲಿನ ಮಾನಿಟರ್) ಅಷ್ಟು ದೂರ ಸರಿದ ಲೆಕ್ಕ. ನನಗೇನೂ ಗೊತ್ತಾಗಲಿಲ್ಲ. ಡಿಜಿಟಲ್ ವೈರ್‌ಲೆಸ್ಸು, ಡಿಜಿಟಲ್ ಮಿಕ್ಸರು ಎಲ್ಲ ಸೇರಿದರೆ ತಡವೂ ಕೂಡುತ್ತಾ ಹೋಗುತ್ತದೆ. ಅದಕ್ಕೇ ಸದ್ಯಕ್ಕೆ ಕೇಬಲ್, ಡಿಐ ಬಾಕ್ಸ್ (ಗಿಟಾರ್ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಪೆಟ್ಟಿಗೆ), ಅಲ್ಲಿಂದ ಸೀದಾ ಸ್ಟೇಜ್ ಬಾಕ್ಸ್ (ಮಿಕ್ಸರಿಗೆ ಹೋಗುವ ಕೇಬಲ್‌ಗಳನ್ನು ಸ್ಟೇಜಿನಲ್ಲಿ ಚುಚ್ಚುವ ಪೆಟ್ಟಿಗೆ).

ಇನ್ನೂ ಒಪ್ಪಿಗೆಯಾಗದೆ ಉಳಿದಿರುವುದು 12 ತಂತಿಯ ಮಾಡೆಲ್. ಕಾರ್ಡ್ ಹಿಡಿದು ಬಾರಿಸಿದರೆ ತುಂಬಾ ಚಂದ. ಬೆರಳಲ್ಲಿ ಬೇಗ ಬೇಗ ಬಿಡಿಸಿ ನುಡಿಸಿದರೆ, ಚಿಪ್ ಹುಟ್ಟಿಸುವ ಮೇಲಿನ ಆಕ್ಟೇವ್ (ಒಂದು ಸ್ಥಾಯಿ ಮೇಲಿನ ಅದೇ ಸ್ವರ) ಸಣ್ಣಗೆ ನಡುಗುತ್ತದೆ. ಪೆಟ್ಟು ಮೆತ್ತಗಿದ್ದಷ್ಟೂ ನಡುಕ ಜಾಸ್ತಿ. ಹೊಸ ತಂತಿ ಹಾಕಿದರೂ ಬದಲಾಗಲಿಲ್ಲ. ಸದ್ಯಕ್ಕೆ ಅದನ್ನು ಒಂದು ಹಾಡಿನ ಕೋರಸ್‌ಗಷ್ಟೇ ಇಟ್ಟುಕೊಂಡಿದ್ದೇನೆ. ಆದರೆ ಕೋರಸ್ ಬಂದಾಗ ನಾಬ್ ತಿರುಗಿಸಲು ಬಲಗೈ ತೆಗೆಯಬೇಕು, ಒಂದು ಬೀಟ್ ಖಾಲಿ ಬೀಳುತ್ತದೆ. ಮುಂದಿನ ಕೆಲಸ ಕಾಲಲ್ಲಿ ಪ್ರೀಸೆಟ್ ಬದಲಿಸುವ ಸ್ವಿಚ್. ಪವರ್ರೂ ಅದೇ ಪೆಡಲಿನಿಂದ ಬಂದರೆ ಇನ್ನೂ ಒಳ್ಳೆಯದು, ಯಾಕಂದರೆ ನನ್ನ ಗಿಟಾರಿನಲ್ಲಿ ಬ್ಯಾಟರಿ ಮುಗಿದರೆ ಲೈನಿಗೆ ಸೌಂಡೇ ಹೋಗುವುದಿಲ್ಲ. ಅಲ್ಲಿವರೆಗೆ ಮಾಮೂಲಿ ಅಕೂಸ್ಟಿಕ್ ಒಂದು, ಸೌಂಡ್‌ಹೋಲ್ ಮುಚ್ಚಿಕೊಂಡು, ಪಕ್ಕದ ಸ್ಟ್ಯಾಂಡ್‌ನಲ್ಲಿ ಇದ್ದೇ ಇರುತ್ತದೆ.