ಅಲ್ಲಿ ಇಳಿಲಿಕ್ಕೆ ಉಂಟಲ್ಲ?

"ಹತ್ತುದು ಹೇಗೂ ಹತ್ತಬಹುದು. ಅಲ್ಲಿ ಇಳಿಲಿಕ್ಕೆ ಉಂಟಲ್ಲ?"

ಭಾನುವಾರ ಮಲ್ಪೆಯಲ್ಲಿ ದೋಣಿ ಟಿಕೆಟ್ ಕೊಡುವ ಹುಡುಗ ಹೇಳಿದ ಮಾತು. ಇವತ್ತು ಗುರುವಾರ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ಮಾತು ಕೇಳಿಸುತ್ತಿದೆ. ಅವನು ಜೋರಾಗಿ ಹೇಳಲಿಲ್ಲ, ಒರಟಾಗಿಯೂ ಹೇಳಲಿಲ್ಲ. ಅಪ್ಪನ ಊರುಗೋಲು ನೋಡಿದ, ಆಮೇಲೆ ನನ್ನ ಮುಖ ನೋಡಿದ. ಅಷ್ಟೇ.

ಅಪ್ಪ ನಲವತ್ತು ವರ್ಷ ಮೇಸ್ತ್ರಿ ಕೆಲಸ ಮಾಡಿದವರು. ಈಗ ವಯಸ್ಸು 74. ಎಲ್ಲಿಗಾದರೂ ಹೋಗೋಣ ಅಂತ ಅವರಾಗಿ ಕೇಳಿದ್ದೇ ಇಲ್ಲ. ತಿಂಗಳ ಹಿಂದೆ ಸುಮ್ನೆ ಕೂತಿದ್ದಾಗ ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಫೋಟೋ ತೋರಿಸಿದೆ. ಮೂಲೆ ಮೂಲೆಯಾಗಿ ಕಡಿದು, ಒತ್ತೊತ್ತಾಗಿ ನಿಲ್ಲಿಸಿದ ಹಾಗಿರುವ ಕಲ್ಲುಕಂಬಗಳು.

"ಯಾರು ಸೀಳಿದ್ದು ಇದನ್ನ?"

"ಯಾರೂ ಸೀಳಿಲ್ಲ ಅಪ್ಪ. ತಾನಾಗೇ ಆಗಿದ್ದು."

"ಚಾಣ ಮುಟ್ಟಿಸದೇನಾ?"

ಫೋನ್ ಕಸಿದುಕೊಂಡು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ಜೀವನವಿಡೀ ಸೈಜುಗಲ್ಲಿನ ಜೊತೆ ಗುದ್ದಾಡಿದ ಮನುಷ್ಯ. ನಾಲ್ಕು ಮೂಲೆ ಸರಿಯಾಗಿ ಬರಿಸಲು ಕಲ್ಲುಕುಟಿಗನಿಗೆ ಎಷ್ಟು ಹೊತ್ತು ಬೇಕು ಅಂತ ಗೊತ್ತಿರುವವರು. ಇಲ್ಲಿ ನೋಡಿದರೆ ಆರು ಮೂಲೆ, ಅದೂ ಪುಕ್ಕಟೆ. "ಮುಟ್ಟಿ ನೋಡಬೇಕು ಇದನ್ನ" ಅಂದರು.

ಅಷ್ಟು ಸಾಕಾಯಿತು ನನಗೆ. ಎರಡು ವಾರ ಪ್ಲಾನ್ ಮಾಡಿದೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬ, ಒಪ್ಪಿಕೊಳ್ಳುತ್ತೇನೆ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಹಾಗಾಗಿ ಈಗಲೇ ಹೋಗಬೇಕು. ಕಡಲು ಇಳಿದಿದ್ದಾಗ ಹೋದರೆ ಕಂಬಗಳ ಬುಡವೂ ಕಾಣುತ್ತದೆ. ಭರತ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಷ್ಟು ಮುಂದೆ ಹೋಗುತ್ತಾ ಇರುತ್ತದೆ. ಅದನ್ನೆಲ್ಲಾ ನೋಡಿ, ಬೆಳಗ್ಗೆ ಹತ್ತರ ಸುಮಾರಿಗೆ ಇಳಿತ ಬೀಳುವ ಭಾನುವಾರ ಹುಡುಕಿದೆ. ಡೈರಿಯಲ್ಲಿ ಒಂದು ಪುಟ ತುಂಬಾ ಬರೆದೆ. ನಾಲ್ಕೂವರೆಗೆ ಹೊರಡುವುದು. ಬೆಳಕಾಗುವಾಗ ಆಗುಂಬೆ ಘಾಟಿ. ಅಪ್ಪನ ಮಾತ್ರೆ, ಅಪ್ಪನ ಟೋಪಿ, ಅಪ್ಪನಿಗೆ ಎಲ್ಲೆಲ್ಲಿ ಗಾಡಿ ನಿಲ್ಲಿಸಬೇಕು, ಎಲ್ಲಾ. ಆ ಪುಟ ಇನ್ನೂ ಇದೆ. ನಿನ್ನೆ ಮತ್ತೆ ತೆಗೆದು ನೋಡಿದೆ. ಬಿಸಿಲಿಗೆ ಟೋಪಿ ಬರೆದವಳು ದೋಣಿಯಿಂದ ಇಳಿಯುವುದು ಹೇಗೆ ಅಂತ ಒಂದು ಸಾಲೂ ಬರೆದಿಲ್ಲ.

ಭಾವ ಐದೂ ಹತ್ತಕ್ಕೆ ಬಂದರು, ಒದ್ದೆ ತಲೆಯಲ್ಲಿ. ಭಾವನ ಬಗ್ಗೆ ಏನೂ ಹೇಳಬಾರದು ಅಂದುಕೊಂಡೇ ಬರೆಯಲು ಕೂತಿದ್ದೆ, ಆಗುತ್ತಿಲ್ಲ. ಅಕ್ಕನ ಮದುವೆಯಾಗಿ ಹದಿನಾರು ವರ್ಷ, ಒಂದು ದಿನವೂ ಈ ಮನುಷ್ಯ ಹೇಳಿದ ಹೊತ್ತಿಗೆ ಬಂದಿಲ್ಲ. ಬಂದರೂ 'ಸಾರಿ' ಅಂತ ಒಂದು ಮಾತಿಲ್ಲ, ನಗುತ್ತಾರೆ. ಎಲ್ಲದಕ್ಕೂ ನಗು. ಗಾಡಿ ಹತ್ತಿದ ತಕ್ಷಣ ಹಾಡು ಹಾಕುತ್ತಾರೆ, ಅದೂ ಪೂರ್ತಿ ಕೇಳಲ್ಲ, ಅರ್ಧಕ್ಕೇ ಬದಲಾಯಿಸುತ್ತಾರೆ.

ದಾರಿಯಲ್ಲಿ ನಾನು ಓದಿಕೊಂಡಿದ್ದನ್ನೆಲ್ಲಾ ಹೇಳಿದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಇದೂ ಒಂದು, ಲಾಲ್‌ಬಾಗಿನ ಬಂಡೆ ಇದ್ದ ಹಾಗೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿಳಿದು ಹೆಸರಿಟ್ಟ ಅಂತ ಒಂದು ಕತೆ. ಎಲ್ಲರೂ ಇದನ್ನು ಬಸಾಲ್ಟ್ ಅನ್ನುತ್ತಾರೆ, ಅಂದರೆ ಲಾವಾ ಆರಿ ಆಗುವ ಕಪ್ಪು ಕಲ್ಲು. ಆದರೆ ಬಸಾಲ್ಟಿಗಿಂತ ಇದರಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಅಂಶ, ಜಾಸ್ತಿ. ಹಾಗಾಗಿ ಇದು ರಯೋಲೈಟ್, ಡೇಸೈಟ್ ಜಾತಿಯ ಕಲ್ಲು. ಮಹಾರಾಷ್ಟ್ರದ ಕಡೆ ಪದರ ಪದರವಾಗಿ ಹರಡಿರುವ ಡೆಕ್ಕನ್ ಟ್ರ್ಯಾಪಿನ ಲಾವಾ ಅಂತಲೂ ಹೇಳುತ್ತಾರೆ, ಅದೂ ತಪ್ಪು. ಡೆಕ್ಕನ್ ಟ್ರ್ಯಾಪ್ ಸುಮಾರು 6.6 ಕೋಟಿ ವರ್ಷ ಹಿಂದಿನದು. ಇದು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ ಹಿಂದಿನದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು.

"ಮಡಗಾಸ್ಕರ್ ಹೋದ್ರೆ ಹೋಗ್ಲಿ ಬಿಡು" ಅಂದರು ಅಪ್ಪ. "ಬಿರುಕು ಹೆಂಗೆ ನೆಟ್ಟಗೆ ಬಂತು, ಅದು ಹೇಳು."

ಲಾವಾ ಆರುತ್ತಾ ಕುಗ್ಗುತ್ತದೆ. ಕುಗ್ಗುವಾಗ ಎಳೆತ ಹುಟ್ಟಿ ಬಿರುಕು ಬಿಡುತ್ತದೆ. ಕೆರೆ ಒಣಗಿದಾಗ ಮಣ್ಣು ಒಡೆಯುವುದಿಲ್ಲವಾ, ಹಾಗೆ. ಮೂರು ಬಿರುಕು ಸಮ ಕೋನದಲ್ಲಿ ಕೂಡಿದರೆ ಎಳೆತ ಚೆನ್ನಾಗಿ ಸಡಿಲವಾಗುತ್ತದೆ, ಅದಕ್ಕೇ ಆರು ಮೂಲೆ ಜಾಸ್ತಿ. ಐದು, ಏಳು ಇರುವವೂ ಉಂಟು. ಮೇಲ್ಮೈ ಮೊದಲು ಆರುತ್ತದೆ, ಒಳಗೆ ಆರುತ್ತಾ ಹೋದ ಹಾಗೆ ಬಿರುಕೂ ಒಳಗಿಳಿಯುತ್ತಾ ಹೋಗಿ ಕಂಬವಾಗುತ್ತದೆ.

ಅಪ್ಪ ಎರಡು ತಿರುವು ಸುಮ್ಮನಿದ್ದರು. ಆಮೇಲೆ, "ನೀರು ಹಾಕಿ ಕ್ಯೂರಿಂಗ್ ಮಾಡದ ಸ್ಲ್ಯಾಬು ಬಿರಿಯುತ್ತಲ್ಲ, ಹಂಗೆ ಅನ್ನು. ಬೇಗ ಆರಿದ್ರೆ ಚೆಲ್ಲಾಪಿಲ್ಲಿ, ನಿಧಾನ ಆರಿದ್ರೆ ಸಾಲಾಗಿ" ಅಂದರು. ನಾನು ಎರಡು ವಾರ ಓದಿದ್ದು ಅವರಿಗೆ ಎರಡು ತಿರುವಿನಲ್ಲಿ ಮುಗಿಯಿತು. ಭಾವ ಹಾಡು ಬದಲಾಯಿಸಿದರು.

ಟಿಕೆಟಿನ ಹತ್ತಿರ ಆಗಿದ್ದು ಇಷ್ಟು. ನಾಲ್ಕು ಟಿಕೆಟ್ ಕೇಳಿದೆ. ಹುಡುಗ ಅಪ್ಪನನ್ನು ನೋಡಿ ಆ ಮಾತು ಹೇಳಿದ. ನಾವು ಮೂವರಿದ್ದೇವೆ, ಹಿಡಿದುಕೊಳ್ಳುತ್ತೇವೆ ಅಂದೆ. "ಅಲೆಗೆ ದೋಣಿ ಏರಿ ಇಳಿದು ಮಾಡ್ತಿರ್ತದೆ. ಅದು ಮೇಲೆ ಬರುವಾಗ ಕಾಲು ತೆಗಿಬೇಕು. ಅಜ್ಜರಿಗೆ ಆಗ್ತದಾ?" ಅಂದ. ಆಗದಿದ್ದರೆ ಎತ್ತಿ ಇಳಿಸುತ್ತೇವೆ ಅಂದೆ. ನನ್ನ ದನಿ ಏರಿತ್ತು.

"ಎತ್ತುವವರು ಎಲ್ಲಿ ನಿಲ್ಲುದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಅಪ್ಪನೇ ಮುಗಿಸಿದರು. "ನೀವು ಹೋಗ್ ಬನ್ನಿ. ನಾನು ಇಲ್ಲೇ ಕೂತಿರ್ತೀನಿ." ಅಕ್ಕ ಅಪ್ಪನ ಜೊತೆ ಉಳಿದಳು. ನಾನೂ ಉಳಿಯುತ್ತೇನೆ ಅಂದರೆ ಅಪ್ಪ ಬಿಡಲಿಲ್ಲ. "ಯಾರಾದ್ರೂ ನೋಡ್ಕೊಂಡು ಬರಬೇಕಲ್ವಾ?" ಹೀಗೆ ಅಪ್ಪನ ಕಲ್ಲು ನೋಡಲು ನಾನು ಮತ್ತು ಭಾವ ಹೊರಟೆವು. ನನ್ನ ಡೈರಿಯ ಪುಟದಲ್ಲಿ ಇದಂತೂ ಇರಲೇ ಇಲ್ಲ.

ಇಳಿಯುವುದು ಆ ಹುಡುಗ ಹೇಳಿದ ಹಾಗೇ ಇತ್ತು. ಕಾಲೆತ್ತಿದಾಗ ದೋಣಿ ಜಗ್ಗನೆ ಕೆಳಗೆ ಹೋಯಿತು, ನಾನು ಯಾರದೋ ಭುಜ ಹಿಡಿದೆ. ಅಲ್ಲೇ ಸುಮ್ಮನಾಗಬಹುದಿತ್ತು. ಆದರೂ ದ್ವೀಪದ ತುಂಬಾ ಅವನ ಜೊತೆ ಮನಸ್ಸಿನಲ್ಲೇ ಜಗಳ. ಹಾಗೆ ಹೇಳಬೇಕಿತ್ತು, ಹೀಗೆ ಕೇಳಬೇಕಿತ್ತು. ಎದುರಿಗೆ ಕೋಟಿಗಟ್ಟಲೆ ವರ್ಷದ ಕಲ್ಲು ಎದ್ದು ನಿಂತಿದೆ, ನಾನು ದೋಣಿ ಹತ್ತುವ ಮುಂಚಿನ ಮಾತಿಗೆ ಉತ್ತರ ಹುಡುಕುತ್ತಿದ್ದೇನೆ. ಕೈ ಮಾತ್ರ ಫೋಟೋ ತೆಗೆಯುತ್ತಿತ್ತು. 214 ಫೋಟೋ.

ಸ್ವಲ್ಪ ಹೊತ್ತಿಗೆ ಸೀಟಿ ಕೇಳಿಸಿತು. ತಿರುಗಿ ನೋಡಿದರೆ ನೀರಿನ ಅಂಚಿಗೆ ಒಂದು ಕಲ್ಲಿನ ಬುಡದಲ್ಲಿ ಭಾವ ಬೋರಲು ಮಲಗಿದ್ದಾರೆ. ಕಾವಲಿನವರು ಸೀಟಿ ಊದಿ ಕೈ ಬೀಸುತ್ತಿದ್ದಾರೆ. ಸೆಲ್ಫಿಗೆ ಇರಬೇಕು ಅಂದುಕೊಂಡೆ. ಪರಿಚಯವೇ ಇಲ್ಲದವಳ ಹಾಗೆ ಆ ಕಡೆ ನಡೆದೆ.

ವಾಪಸ್ ಬಂದಾಗ ಅಕ್ಕ ಕಾರಲ್ಲಿ ನಿದ್ದೆ. ಅಪ್ಪ ನೆರಳಲ್ಲಿ ಬಲೆ ಹೊಲಿಯುವವರ ಪಕ್ಕ ಕೂತು, ಗಂಟು ಹೇಗೆ ಹಾಕುತ್ತಾರೆ ಅಂತ ಕೇಳುತ್ತಿದ್ದರು. ಮುಖದಲ್ಲಿ ಬೇಜಾರಿನ ಸುಳಿವೂ ಇಲ್ಲ. ನಾನು ಮತ್ತೆ ಟಿಕೆಟಿನವನ ವಿಷಯ ಎತ್ತಿದೆ.

"ಕೆಲಸ ಗೊತ್ತಿರೋ ಹುಡುಗ ಕಣೇ" ಅಂದರು ಅಪ್ಪ.

ನನಗೆ ತಟ್ಟನೆ ನೆನಪಾಯಿತು. ಯಾರ ಮನೆಗೆ ಮೆಟ್ಟಿಲು ಕಟ್ಟುವುದಿದ್ದರೂ ಅಪ್ಪ ಮೊದಲು ಕೇಳುತ್ತಿದ್ದದ್ದು ಮನೆಯಲ್ಲಿ ವಯಸ್ಸಾದವರು ಯಾರಿದ್ದಾರೆ ಅಂತ. ಇಟ್ಟಿಗೆ ಜೋಡಿಸಿ ಎರಡು ಮೆಟ್ಟಿಲು ಮಾಡಿ, ಆ ಮನೆಯ ಅಜ್ಜಿಯನ್ನೋ ತಾತನನ್ನೋ ಕರೆದು ಇಳಿಸಿ ನೋಡುತ್ತಿದ್ದರು. ಹತ್ತಿಸಿ ಅಲ್ಲ, ಇಳಿಸಿ. ಮೊಣಕಾಲು ಇಳಿಯುವಾಗಲೇ ಜಾಸ್ತಿ ನೋಯುವುದಂತೆ. ಅದನ್ನೇ ನೋಡುತ್ತಾ ಬೆಳೆದವಳು ನಾನು. ಅವರ ಮೊಣಕಾಲು ಹೋಗಿ ಮೂರು ವರ್ಷವಾಯಿತು. ಹೋದ ವರ್ಷ ಅವರ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದ್ದು ನಾನೇ, ನುಣ್ಣಗೆ ಹೊಳೆಯುವಂಥದ್ದು. ಅವರು ಏನೂ ಅನ್ನಲಿಲ್ಲ. ಆಮೇಲಿಂದ ಗೋಡೆ ಹಿಡಿದುಕೊಂಡು ಹೋಗುತ್ತಾರೆ. ಇವತ್ತು ಇದನ್ನು ಬರೆಯುವಾಗ ಹೊಳೆಯುತ್ತಿದೆ, ಆ ಹುಡುಗನ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ಈ ಟೈಲ್ಸಿನದು. ಅವನಿಗೆ ಒಂದು ನಿಮಿಷದಲ್ಲಿ ಕಂಡಿದ್ದು ಒಂದೇ ಮನೆಯಲ್ಲಿರುವ ನನಗೆ ಕಂಡಿರಲಿಲ್ಲ.

"ಸರಿ, ಸಂದಿ ಎಷ್ಟಿತ್ತು?" ಕಾರು ಹತ್ತುತ್ತಾ ಅಪ್ಪ ಕೇಳಿದರು.

ಫೋನ್ ಕೊಟ್ಟೆ. ನಾಲ್ಕೈದು ಫೋಟೋ ನೋಡಿ ವಾಪಸ್ ಕೊಟ್ಟರು. "ಇದ್ರಲ್ಲಿ ಗೊತ್ತಾಗಲ್ಲ. ಬೆರಳು ಹೋಗ್ತಿತ್ತಾ?"

ನಾನು ಒಂದು ಕಲ್ಲನ್ನೂ ಮುಟ್ಟಿರಲಿಲ್ಲ.

"ಬೆರಳು ಹೋಗ್ಲಿಲ್ಲ ಮಾವ" ಅಂದರು ಮುಂದಿನ ಸೀಟಿನಿಂದ ಭಾವ. "ತಲೇಲಿ ಗಾಡಿ ಕೀ ಸಲೀಸಾಗಿ ಹೋಯ್ತು. ಬುಡದಲ್ಲಿ ಎಟಿಎಂ ಕಾರ್ಡೂ ಹೋಗ್ಲಿಲ್ಲ. ಅದನ್ನ ನೋಡೋಕೇ ಮಲಗಿದ್ದು, ಅಷ್ಟರಲ್ಲಿ ಸೀಟಿ ಊದಿದ್ರು."

"ತೂಗುಗುಂಡು ಬಿಟ್ಟಂಗೆ ನೆಟ್ಟಗಿತ್ತಾ?"

"ಕೆಲವು ನೆಟ್ಟಗೆ. ಕೆಲವು ಒಂಚೂರು ವಾಲಿದ್ವು."

"ಯಾವ ಕಡೆಗೆ?"

ಘಾಟಿ ಹತ್ತಿ ಮುಗಿಯುವವರೆಗೂ ಇಬ್ಬರದೂ ಅದೇ ಮಾತು. ಹಾಡು ಹಾಕಲೇ ಇಲ್ಲ. ನಾನು ಹಿಂದೆ ಕೂತು ಫೋಟೋಗಳನ್ನು ಒಂದೊಂದಾಗಿ ಅಳಿಸುತ್ತಾ ಬಂದೆ. ಒಂದರಲ್ಲಿ, ಕಲ್ಲಿನ ಮರೆಯಿಂದ, ಬೋರಲು ಮಲಗಿದ ಭಾವನ ಎರಡು ಕಾಲು ಮಾತ್ರ ಕಾಣುತ್ತಿತ್ತು. ಅದೊಂದನ್ನು ಇಟ್ಟುಕೊಂಡೆ.